ಗಲ್ಲಾ ಬೇರೆ, ತಿಜೋರಿ ಬೇರೆ!

ಮಂಡಿಪೇಟೆಯ ಯಾವ ಅಂಗಡಿಯವರನ್ನಾದರೂ ಕೇಳಿ ನೋಡಿ. ರಾತ್ರಿ ಶಟರ್ ಎಳೆಯೋ ಮುಂಚೆ ಗಲ್ಲಾಪೆಟ್ಟಿಗೆಯಲ್ಲಿ ಬೆಳಗಿನ ಬೋಣಿಗೆ ಬೇಕಾದ ಚಿಲ್ಲರೆ ಬಿಟ್ಟು, ಮಿಕ್ಕದ್ದನ್ನು ಮನೆಗೋ ಬ್ಯಾಂಕಿಗೋ ಸಾಗಿಸುತ್ತಾರೆ. ಇದನ್ನು ಅವರಿಗೆ ಯಾವ ಕಾಲೇಜೂ ಕಲಿಸಿದ್ದಲ್ಲ. ಅಪ್ಪ ಮಾಡುತ್ತಿದ್ದ, ಮಗ ಮಾಡುತ್ತಾನೆ. ಆದರೆ ಅದೇ ಮಗ ಬಿಟ್‌ಕಾಯಿನ್ ಕೊಳ್ಳೋಕೆ ಹೊರಟಾಗ ಈ ಬುದ್ಧಿ ಎಲ್ಲಿ ಹೋಗುತ್ತದೋ ಕಾಣೆ! ಇದ್ದಬದ್ದದ್ದನ್ನೆಲ್ಲ ಒಂದೇ ಪೆಟ್ಟಿಗೆಯಲ್ಲಿ ಸುರಿದು, ಕೀಲಿಯನ್ನು ಮುಖ ನೋಡದವರ ಕೈಗೆ ಕೊಟ್ಟು ಮಲಗುತ್ತಾನೆ.

ಊರಲ್ಲಿ ಬಿಟ್‌ಕಾಯಿನ್ ಮಾತೆತ್ತಿದರೆ ಎರಡು ಗುಂಪು. 'ಎಲ್ಲಾ ಮೋಸ ಕಣ್ರೀ' ಅನ್ನೋರು ಒಂದು. 'ಸುಮ್ನೆ ಕೊಂಡು ಇಟ್ಕೊಳ್ಳಿ, ಒಂದಕ್ಕೆ ಹತ್ತಾಗುತ್ತೆ' ಅನ್ನೋರು ಇನ್ನೊಂದು. ಈ ಜಗಳ ಇವತ್ತು ಬೇಡ. ಕೊಳ್ಳಿ ಅಂತ ನಾವು ಹೇಳೋಲ್ಲ, ಬೇಡ ಅಂತಲೂ ಹೇಳೋಲ್ಲ. ಕೊಂಡದ್ದು ಎಲ್ಲಿರುತ್ತದೆ, ಕೀಲಿ ಯಾರ ಹತ್ತಿರ ಇರುತ್ತದೆ, ಕೈಯಿಂದ ಕೈಗೆ ಹೋಗುವಾಗ ಎಲ್ಲಿ ಜಾರುತ್ತದೆ? ಇಷ್ಟೇ ಇವತ್ತಿನ ವಿಚಾರ.

ತುಮಕೂರಿಗೂ ನಂಟುಂಟು

'ಅಮೆರಿಕದವರ ಆಟ, ನಮಗ್ಯಾಕೆ ಸ್ವಾಮಿ?' ಅನ್ನಬೇಡಿ. ದೇಶದ ಹಳೇ ಬಿಟ್‌ಕಾಯಿನ್ ಕಂಪನಿಗಳಲ್ಲಿ ಒಂದಾದ ಯುನೊಕಾಯಿನ್ 2013ರಲ್ಲಿ ಶುರುವಾದದ್ದೇ ನಮ್ಮ ತುಮಕೂರಿನಲ್ಲಿ. ಆಮೇಲೆ ಎಲ್ಲರ ಹಾಗೆ ಅದೂ ಬೆಂಗಳೂರಿನ ಬಸ್ಸು ಹತ್ತಿತು.

2018ರ ಏಪ್ರಿಲ್ 6ರಂದು ರಿಸರ್ವ್ ಬ್ಯಾಂಕ್ ಒಂದು ಸುತ್ತೋಲೆ ಹೊರಡಿಸಿತು. ಬಿಟ್‌ಕಾಯಿನ್‌ನಂಥ ನಾಣ್ಯದ ವ್ಯವಹಾರ ನಡೆಸುವವರಿಗೆ ಬ್ಯಾಂಕುಗಳು ಸೇವೆ ಕೊಡಕೂಡದು, ಮೂರು ತಿಂಗಳಲ್ಲಿ ಸಂಬಂಧ ಕಡಿದುಕೊಳ್ಳಬೇಕು ಎಂದಿತು. ಬ್ಯಾಂಕಿನ ಬಾಗಿಲು ಮುಚ್ಚಿದ ಮೇಲೆ ಕಂಪನಿಗಳು ಬೇರೆ ದಾರಿ ಹುಡುಕಿದವು. ಯುನೊಕಾಯಿನ್‌ನವರು ಅದೇ ವರ್ಷ ಅಕ್ಟೋಬರಿನಲ್ಲಿ ಬೆಂಗಳೂರಿನ ಕೆಂಪ್ ಫೋರ್ಟ್ ಮಾಲ್‌ನಲ್ಲಿ ನಗದು ಹಾಕಿ ತೆಗೆಯುವ ಯಂತ್ರ ಇಟ್ಟರು. ಪೊಲೀಸರು ಅದನ್ನು ವಶಪಡಿಸಿಕೊಂಡರು. ಬೇರೆ ಕೆಲವರು ಹೊಸ ಉಪಾಯ ಹೂಡಿದರು. ಕೊಳ್ಳೋನೇ ಮಾರೋನ ಖಾತೆಗೆ ನೇರವಾಗಿ ರೂಪಾಯಿ ಹಾಕಲಿ, ನಾವು ನಡುವೆ ನಿಂತು ಬಿಟ್‌ಕಾಯಿನ್ ಕೊಡಿಸುತ್ತೇವೆ ಎಂದರು. ಹೀಗೆ ಕೈಯಿಂದ ಕೈಗೆ ನಡೆಯೋ ವ್ಯಾಪಾರಕ್ಕೆ 'ಪಿ ಟು ಪಿ' ಅನ್ನುತ್ತಾರೆ. 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟು ರಿಸರ್ವ್ ಬ್ಯಾಂಕಿನ ಸುತ್ತೋಲೆಯನ್ನು ರದ್ದು ಮಾಡಿತು. ಆದರೆ ಕೈಯಿಂದ ಕೈಗೆ ವ್ಯಾಪಾರದ ಅಭ್ಯಾಸ ಹಾಗೇ ಉಳಿಯಿತು.

ಪರ್ಸಿನಲ್ಲಿ ದುಡ್ಡಿಲ್ಲ, ಕೀಲಿ ಇದೆ

ವ್ಯಾಲೆಟ್ ಅಂದರೆ ಪರ್ಸು ಅಂತ ಎಲ್ಲರಿಗೂ ಗೊತ್ತು. ಆದರೆ ಬಿಟ್‌ಕಾಯಿನ್ ವ್ಯಾಲೆಟ್‌ನಲ್ಲಿ ದುಡ್ಡೇ ಇರೋದಿಲ್ಲ! ಯಾರ ಲೆಕ್ಕದಲ್ಲಿ ಎಷ್ಟಿದೆ ಎಂಬುದೆಲ್ಲ ಲೋಕದ ಸಾವಿರಾರು ಕಂಪ್ಯೂಟರುಗಳಲ್ಲಿರುವ ಒಂದೇ ಖಾತೆ ಪುಸ್ತಕದಲ್ಲಿ ಬರೆದಿರುತ್ತದೆ. 2009ರ ಜನವರಿ 3ರಂದು ಆ ಪುಸ್ತಕದ ಮೊದಲ ಪುಟ ಬಿತ್ತು. ಅಲ್ಲಿಂದ ಸರಾಸರಿ ಹತ್ತು ನಿಮಿಷಕ್ಕೊಂದು ಹೊಸ ಪುಟ ಸೇರುತ್ತಲೇ ಇದೆ. ನಿಮ್ಮ ವ್ಯಾಲೆಟ್‌ನಲ್ಲಿ ಇರೋದು, ಆ ಪುಸ್ತಕದ ನಿಮ್ಮ ಸಾಲಿಗೆ ರುಜು ಹಾಕುವ ಕೀಲಿ ಮಾತ್ರ. ಕೀಲಿ ಯಾರ ಹತ್ತಿರವೋ ದುಡ್ಡು ಅವರದು. ಅಲ್ಲಿ ಮ್ಯಾನೇಜರಿಲ್ಲ, ದೂರು ಪುಸ್ತಕವಿಲ್ಲ, 'ತಪ್ಪಾಗಿ ಹೋಯ್ತು, ವಾಪಸ್ ಹಾಕಿ' ಅಂತ ಕೇಳೋ ಕೌಂಟರಿಲ್ಲ.

ಆ ಕೀಲಿಯನ್ನು ಮನುಷ್ಯರು ಬರೆದಿಟ್ಟುಕೊಳ್ಳಲಿ ಅಂತ 12 ಅಥವಾ 24 ಇಂಗ್ಲಿಷ್ ಪದಗಳಾಗಿ ಮಾಡಿಕೊಡುತ್ತಾರೆ. ಸೀಡ್ ಪದಗಳು ಅನ್ನುತ್ತಾರೆ. 2,048 ಪದಗಳ ಒಂದು ಪಟ್ಟಿಯಿಂದ ಅವನ್ನು ಆರಿಸಿರುತ್ತಾರೆ. ಆ ಪದಗಳು, ಅದೇ ಸಾಲಿನಲ್ಲಿ, ಯಾರ ಕೈಗೆ ಸಿಕ್ಕಿದರೂ ಅವರು ತಮ್ಮ ಫೋನಿನಲ್ಲಿ ನಿಮ್ಮ ತಿಜೋರಿ ತೆರೆಯಬಹುದು. ನಿಮ್ಮ ಫೋನು ಕೆರೆಗೆ ಬಿದ್ದರೂ ಆ ಚೀಟಿ ಇದ್ದರೆ ಬದುಕಿದಿರಿ. ಫೋನೂ ಹೋಗಿ ಚೀಟಿಯೂ ಇಲ್ಲದಿದ್ದರೆ ಮುಗಿಯಿತು ಕಥೆ.

ಪರರ ಪೆಟ್ಟಿಗೆಯ ಪಾಡು

ಬಹಳ ಜನ ಕೀಲಿಯ ಗೊಡವೆಯೇ ಬೇಡ ಅಂತ ಕಂಪನಿಯವರ ಹತ್ತಿರವೇ ಬಿಡುತ್ತಾರೆ. ಆಗ ನಿಮಗೆ ಪರದೆಯ ಮೇಲೆ ಕಾಣೋ ಅಂಕಿ, ಬಟ್ಟೆ ಅಂಗಡಿಯವರು ಕೊಟ್ಟ 'ಬಾಕಿ ಚೀಟಿ' ಇದ್ದ ಹಾಗೆ. ಅಂಗಡಿ ಇರೋವರೆಗೆ ಚೀಟಿಗೆ ಬೆಲೆ.

ಜಪಾನಿನ ಟೋಕಿಯೊದಲ್ಲಿ ಮೌಂಟ್ ಗಾಕ್ಸ್ ಎಂಬ ದೊಡ್ಡ ಪೇಟೆ ಇತ್ತು. 2014ರ ಫೆಬ್ರವರಿಯಲ್ಲಿ ಬಾಗಿಲು ಹಾಕಿತು. ಸುಮಾರು 8.5 ಲಕ್ಷ ಬಿಟ್‌ಕಾಯಿನ್ ಕಾಣೆ ಎಂದರು! ಆಮೇಲೆ ಹಳೇ ವ್ಯಾಲೆಟ್ ಒಂದರಲ್ಲಿ ಸುಮಾರು 2 ಲಕ್ಷ ಸಿಕ್ಕಿತು. ಗಿರಾಕಿಗಳು ಕೋರ್ಟಿಗೆ ಅಲೆಯುತ್ತಾ ವರ್ಷಗಳನ್ನೇ ಕಳೆದರು.

ಕೈಯಿಂದ ಕೈಗೆ ವ್ಯಾಪಾರಕ್ಕೆ ಹೆಸರಾಗಿದ್ದದ್ದು ಫಿನ್ಲೆಂಡಿನ ಹೆಲ್ಸಿಂಕಿಯ ಲೋಕಲ್‌ಬಿಟ್‌ಕಾಯಿನ್ಸ್. 2012ರಲ್ಲಿ ಶುರುವಾಯಿತು. ಕೊಳ್ಳೋನು, ಮಾರೋನು ನೇರ ಮಾತಾಡಿಕೊಳ್ಳುತ್ತಿದ್ದರು, ನಿಜ. ಆದರೆ ಅಲ್ಲೂ ಪೆಟ್ಟಿಗೆ ಕಂಪನಿಯದೇ. 2023ರ ಫೆಬ್ರವರಿಯಲ್ಲಿ ಅಂಗಡಿ ಮುಚ್ಚುತ್ತೇವೆ ಎಂದು ಸಾರಿ, ದುಡ್ಡು ತೆಗೆದುಕೊಂಡು ಹೋಗಲು 12 ತಿಂಗಳ ವಾಯಿದೆ ಕೊಟ್ಟರು. ಅವರು ಮರ್ಯಾದಸ್ಥರು, ಹೇಳಿ ಮುಚ್ಚಿದರು. ಎಲ್ಲರೂ ಹಾಗಿರುತ್ತಾರಾ?

ದೂರ ಯಾಕೆ, ನಮ್ಮ ದೇಶದ್ದೇ ನೋಡಿ. 2024ರ ಜುಲೈ 18ರಂದು ವಜೀರ್‌ಎಕ್ಸ್ ಕಂಪನಿಯ ಒಂದು ವ್ಯಾಲೆಟ್‌ನಿಂದ ಸುಮಾರು 23 ಕೋಟಿ ಡಾಲರ್, ನಮ್ಮ ಲೆಕ್ಕದಲ್ಲಿ ಸುಮಾರು 2,000 ಕೋಟಿ ರೂಪಾಯಿ ಬೆಲೆಯ ನಾಣ್ಯಗಳು ಕಳುವಾದವು. ಅದು ಹಲವು ಜನರ ರುಜು ಬೇಕಾದ ಬೀಗ! ಆದರೂ ಹೋಯಿತು. ವಹಿವಾಟು ಮತ್ತೆ ಶುರುವಾದದ್ದು 2025ರ ಅಕ್ಟೋಬರಿನಲ್ಲಿ. ಅಷ್ಟು ದಿನ ಗಿರಾಕಿಯ ಗತಿ? ಪರದೆ ಮೇಲಿನ ಅಂಕಿ ನೋಡುತ್ತಾ ಕೂರೋದೇ.

ನಡುವೆ ಕಂಪನಿಯೇ ಇಲ್ಲದಿದ್ದರೆ?

ಇಂಥ ಪಾಡೇ ಬೇಡ ಅಂತ ಕೆಲವರು ಬೇರೆ ತರಹದ ತಂತ್ರಾಂಶ ಬರೆದರು. ಅದರಲ್ಲಿ ಹೆಸರು ಮಾಡಿದ್ದು ಬಿಸ್ಕ್. 2016ರಿಂದ ಬಳಕೆಯಲ್ಲಿದೆ. ಇದು ಕಂಪನಿಯಲ್ಲ, ಕಂಪ್ಯೂಟರಿಗೆ ಹಾಕಿಕೊಳ್ಳೋ ಒಂದು ತಂತ್ರಾಂಶ. ನೀವು ಅದನ್ನು ತೆರೆದಿಟ್ಟರೆ ನಿಮ್ಮ ಅಂಗಡಿ ಬಾಗಿಲು ತೆರೆದ ಹಾಗೆ. ನೀವು ಇಟ್ಟ ಬೆಲೆ ಲೋಕಕ್ಕೆ ಕಾಣುತ್ತದೆ. ಕಂಪ್ಯೂಟರ್ ಆರಿಸಿದರೆ ಬಾಗಿಲು ಹಾಕಿದ ಹಾಗೆ.

ಮುಖ ನೋಡದವರ ಜೊತೆ ವ್ಯಾಪಾರ. ಯಾರು ಮೊದಲು ಕೊಡಬೇಕು? ತಿಪಟೂರಿನ ಕೊಬ್ಬರಿ ಮಾರುಕಟ್ಟೆಯಲ್ಲಾದರೆ ದಲ್ಲಾಳಿ ಇದ್ದಾನೆ, ತೂಕದ ಚೀಟಿ ಇದೆ, ನಾಳೆ ಮುಖ ತೋರಿಸಬೇಕೆಂಬ ನಾಚಿಕೆ ಇದೆ. ಇಲ್ಲಿ ಯಾವುದೂ ಇಲ್ಲ. ಅದಕ್ಕೆ ಬಿಸ್ಕ್‌ನವರು ಎರಡು ಕೀಲಿಯ ಬೀಗ ಮಾಡಿದರು. ಬ್ಯಾಂಕಿನ ಲಾಕರ್ ನೋಡಿದ್ದೀರಲ್ಲ, ನಿಮ್ಮ ಕೀಲಿ ಒಂದು, ಬ್ಯಾಂಕಿನದೊಂದು. ಎರಡೂ ತಿರುಗಿದರೇನೇ ತೆರೆಯೋದು. ಹಾಗೇ ಇದು. 2019ರ ಕೊನೆಗೆ ಬಂದ ಏರ್ಪಾಡಿನಲ್ಲಿ ಒಂದು ಕೀಲಿ ಮಾರೋನ ಹತ್ತಿರ, ಇನ್ನೊಂದು ಕೊಳ್ಳೋನ ಹತ್ತಿರ.

ಒಂದು ಲೆಕ್ಕ ಇಟ್ಟುಕೊಳ್ಳಿ. ನೀವು 0.01 ಬಿಟ್‌ಕಾಯಿನ್ ಮಾರುತ್ತೀರಿ. ಠೇವಣಿ ಶೇಕಡಾ 15 ಅಂತಿರಲಿ. ನೀವು ಮಾಲಿನ ಜೊತೆ 0.0015 ಠೇವಣಿ ಸೇರಿಸಿ 0.0115 ಬೀಗದೊಳಗೆ ಇಡಬೇಕು. ಕೊಳ್ಳೋನೂ ತನ್ನ 0.0015 ಠೇವಣಿ ಇಡಬೇಕು. ಒಟ್ಟು 0.013 ಒಳಗೆ ಸೇರಿತು. ಅವನು ನಿಮ್ಮ ಬ್ಯಾಂಕ್ ಖಾತೆಗೆ ದುಡ್ಡು ಹಾಕುತ್ತಾನೆ. ನೀವು ಪಾಸ್‌ಬುಕ್ ನೋಡಿ 'ಬಂತು' ಅನ್ನುತ್ತೀರಿ. ಬೀಗ ತೆರೆಯುತ್ತದೆ. ಮಾಲು ಅವನಿಗೆ, ಠೇವಣಿ ಅವರವರಿಗೆ. ತಕರಾರೆದ್ದರೆ ಮಧ್ಯಸ್ಥ ಬರುತ್ತಾನೆ. ಮೋಸ ಮಾಡಿದರೆ ತನ್ನ ಠೇವಣಿಗೇ ಸಂಚಕಾರ ಅನ್ನೋ ಭಯ ಇಬ್ಬರಿಗೂ ಇರುತ್ತದೆ.

ಇದರಲ್ಲಿ ಒಂದು ತಮಾಷೆಯೂ ಇದೆ. ಬಿಟ್‌ಕಾಯಿನ್ ಕೊಳ್ಳೋಕೆ ಠೇವಣಿ ಬೇಕು, ಆ ಠೇವಣಿಯೂ ಬಿಟ್‌ಕಾಯಿನ್ನೇ! ಹೊಸಬರು ಮಾಡೋದೇನು? ಅದಕ್ಕೆ 2024ರಲ್ಲಿ ಬಂದ ಬಿಸ್ಕ್ 2ರಲ್ಲಿ 'ಬಿಸ್ಕ್ ಈಸಿ' ಅಂತ ಸುಲಭದ ದಾರಿ ಮಾಡಿದರು. ಠೇವಣಿ ಇಲ್ಲ. ಮಾರೋನ ಹೆಸರು ಎಷ್ಟು ಗಟ್ಟಿ ಅಂತ ನೋಡಿ ಕೊಳ್ಳೋನೇ ಮೊದಲು ದುಡ್ಡು ಹಾಕಬೇಕು. ಶುರುವಿನಲ್ಲಿ ಒಂದು ವ್ಯಾಪಾರಕ್ಕೆ ಸುಮಾರು 600 ಡಾಲರ್ ಮಿತಿ ಇಟ್ಟರು. ಇಲ್ಲಿ ನಿಮಗೆ ಬೇಕಾದ ವ್ಯಾಲೆಟ್ ತಂದುಕೊಳ್ಳಬಹುದು, ಅದರ ವಿಳಾಸ ಕೊಟ್ಟರೆ ಸಾಕು.

ಯಾವುದು ಗಲ್ಲಾ, ಯಾವುದು ತಿಜೋರಿ?

ಹಳೇ ಬಿಸ್ಕ್ ಒಳಗೇ ಒಂದು ವ್ಯಾಲೆಟ್ ಇದೆ. ಅದರ ಕೀಲಿ ನಿಮ್ಮ ಕಂಪ್ಯೂಟರಿನಲ್ಲೇ ಇರುತ್ತದೆ, ಕಂಪನಿಯ ಹತ್ತಿರ ಅಲ್ಲ. ಇದನ್ನು ಕಂಡ ತಕ್ಷಣ ಜನ, 'ಕೀಲಿ ನನ್ನದೇ ಅಲ್ವಾ, ಎಲ್ಲಾ ಇಲ್ಲೇ ಇರಲಿ' ಅಂತಾರೆ. ಅಲ್ಲೇ ಎಡವೋದು. ಅದು ಗಲ್ಲಾಪೆಟ್ಟಿಗೆ ಸ್ವಾಮಿ, ತಿಜೋರಿ ಅಲ್ಲ!

ಯಾಕೆ? ಆ ಕಂಪ್ಯೂಟರ್ ದಿನವಿಡೀ ಇಂಟರ್ನೆಟ್ಟಿಗೆ ಬಾಗಿಲು ತೆರೆದು ಕೂತಿರುತ್ತದೆ. ಅದರಲ್ಲೇ ಮಗ ಆಟ ಆಡುತ್ತಾನೆ, ಅದರಲ್ಲೇ ಸಿನಿಮಾ ಇಳಿಸಿಕೊಳ್ಳುತ್ತಾನೆ. ಜೊತೆಗೆ ವೈರಸ್ಸೂ ಇಳಿಯುತ್ತದೆ. ಒಂದು ಜಾತಿಯ ವೈರಸ್ ಇದೆ. ನೀವು ವಿಳಾಸ ನಕಲು ಮಾಡಿ ಅಂಟಿಸೋ ಹೊತ್ತಿಗೆ ಅದರ ಜಾಗದಲ್ಲಿ ಕಳ್ಳನ ವಿಳಾಸ ಕೂರಿಸುತ್ತದೆ. ಆದ್ದರಿಂದ ಕಳಿಸೋ ಮುಂಚೆ ವಿಳಾಸದ ತಲೆ, ಬಾಲ ಎರಡೂ ತಾಳೆ ನೋಡಲೇಬೇಕು. ಮೊದಲ ಸಲ ಚಿಕ್ಕ ಮೊತ್ತ ಕಳಿಸಿ, ತಲುಪಿತೇ ಅಂತ ನೋಡಿ, ಆಮೇಲೆ ದೊಡ್ಡದು.

ಬುದ್ಧಿವಂತರು ಮಾಡೋದು ಹೀಗೆ. ಇವತ್ತಿನ ವ್ಯಾಪಾರಕ್ಕೆ, ಠೇವಣಿಗೆ, ಖರ್ಚಿಗೆ ಎಷ್ಟು ಬೇಕೋ ಅಷ್ಟೇ ಬಿಸ್ಕ್ ವ್ಯಾಲೆಟ್‌ಗೆ. ವ್ಯಾಪಾರ ಮುಗಿದ ಕೂಡಲೇ ಮಿಕ್ಕದ್ದು ಬೇರೆ ವ್ಯಾಲೆಟ್‌ಗೆ. ಆ ಬೇರೆ ವ್ಯಾಲೆಟ್ ಇನ್ನೊಂದು ಫೋನಿನಲ್ಲಿರಬಹುದು. ಮೊತ್ತ ದೊಡ್ಡದಾದರೆ ಪೆನ್ ಡ್ರೈವ್ ಗಾತ್ರದ ಹಾರ್ಡ್‌ವೇರ್ ವ್ಯಾಲೆಟ್ ಕೊಳ್ಳುತ್ತಾರೆ. ಅದರಲ್ಲಿ ಕೀಲಿ ಇಂಟರ್ನೆಟ್ ಮುಟ್ಟೋದೇ ಇಲ್ಲ.

ಇನ್ನೊಂದು ಗುಟ್ಟು. ಬಿಸ್ಕ್ ವ್ಯಾಲೆಟ್‌ಗೂ 12 ಪದಗಳಿವೆ. ಬರೆದಿಟ್ಟರೆ ಅದರಲ್ಲಿದ್ದ ಹಣ ವಾಪಸ್ ತೆಗೆಯಬಹುದು. ಆದರೆ ಅರ್ಧದಲ್ಲಿರೋ ವ್ಯಾಪಾರದ ಕಿರ್ದಿ, ಎದುರು ಪಾರ್ಟಿ ಯಾರು, ದುಡ್ಡು ಬಂತೇ ಬರಲಿಲ್ಲವೇ, ಯಾವ ಬೀಗದಲ್ಲಿ ಎಷ್ಟಿದೆ ಎಂಬುದು ಆ 12 ಪದದಿಂದ ಬರೋಲ್ಲ. ಅದು ಕಂಪ್ಯೂಟರಿನ ಫೋಲ್ಡರಿನಲ್ಲಿರುತ್ತದೆ. ಅದರ ನಕಲು ಬೇರೆ ಕಡೆ ತೆಗೆದಿಡಬೇಕು. ತಿಜೋರಿ ಕೀಲಿ ಇದ್ದು ಕಿರ್ದಿ ಪುಸ್ತಕ ಸುಟ್ಟರೆ ಬಾಕಿ ವಸೂಲಿ ಹೇಗೆ ಮಾಡುತ್ತೀರಿ? ಹಾಗೇ ಇದು.

ಎರಡು ಕೀಲಿಯ ಬೀಗವೂ ಜಾರಿತು

ಬಿಸ್ಕ್ ಅಂದರೆ ಭದ್ರಕೋಟೆ ಅಂತ ನಂಬಿಸೋರಿಗೆ 2020ರ ಏಪ್ರಿಲ್ ತಿಂಗಳು ನೆನಪಿಸಿ. ವ್ಯಾಪಾರದ ತಕರಾರು ಬಗೆಹರಿಯದೆ ವಾಯಿದೆ ಮೀರಿದರೆ ಬೀಗದೊಳಗಿನ ಹಣ ಹೋಗಬೇಕಾದ ಒಂದು ವಿಳಾಸ ಇರುತ್ತದೆ. ಕಳ್ಳನೊಬ್ಬ ತಂತ್ರಾಂಶದ ತೂತು ಹುಡುಕಿ ಆ ಜಾಗಕ್ಕೆ ತನ್ನ ವಿಳಾಸ ತೂರಿಸಿದ. ವ್ಯಾಪಾರ ಶುರು ಮಾಡಿ, ಏನೂ ಮಾಡದೆ, ವಾಯಿದೆ ಮುಗಿಯೋವರೆಗೆ ಸುಮ್ಮನೆ ಕೂತ. ಹಣ ತಾನಾಗೇ ಅವನ ಕಡೆ ಹರಿಯಿತು. 3 ಬಿಟ್‌ಕಾಯಿನ್, 4,000 ಮೊನೆರೊ ಎಂಬ ನಾಣ್ಯ ಹೋಯಿತು. ಬೆಲೆ ಸುಮಾರು 2.5 ಲಕ್ಷ ಡಾಲರ್. ಕಳೆದುಕೊಂಡವರು ಏಳು ಜನ.

ಗಮನಿಸಬೇಕಾದ್ದು ಇಲ್ಲಿದೆ. ಹೋಗಿದ್ದು ಆ ಹೊತ್ತಿಗೆ ನಡೆಯುತ್ತಿದ್ದ ವ್ಯಾಪಾರಗಳ ಹಣ. ಉಳಿದ ಬಳಕೆದಾರರ ವ್ಯಾಲೆಟ್‌ಗಳು ಹೋಗಲಿಲ್ಲ. ಒಂದೇ ಕಂಪನಿಯ ಪೆಟ್ಟಿಗೆಯಾಗಿದ್ದರೆ ಎಲ್ಲರದೂ ಒಟ್ಟಿಗೆ ಹೋಗುತ್ತಿತ್ತು. ನಡೆಸುವವರು ಕೂಡಲೇ ವ್ಯಾಪಾರ ನಿಲ್ಲಿಸಿ, ತೂತು ಮುಚ್ಚಿ, ಮುಂದಿನ ವರಮಾನದಿಂದ ಆ ಏಳು ಜನಕ್ಕೆ ತುಂಬಿಕೊಡುವ ಯೋಜನೆ ಮುಂದಿಟ್ಟರು. ಬೀಗ ಎಷ್ಟೇ ಗಟ್ಟಿಯಿರಲಿ, ಕಳೆದುಕೊಂಡರೂ ತಡೆದುಕೊಳ್ಳಬಲ್ಲಷ್ಟನ್ನೇ ಅದರೊಳಗೆ ಇಡಬೇಕು ಅನ್ನೋದು ಇದರ ಪಾಠ.

ರೂಪಾಯಿ ಕಡೆಯ ಗುಂಡಿ

ಇಷ್ಟೆಲ್ಲ ಕೀಲಿ, ಬೀಗ ಸರಿಯಿದ್ದರೂ ನಮ್ಮ ದೇಶದಲ್ಲಿ ನೇರ ವ್ಯಾಪಾರ ಮಾಡೋರು ಬೀಳೋ ಗುಂಡಿ ಬೇರೆ. ಅದು ಬ್ಯಾಂಕ್ ಖಾತೆ.

ನೀವು ಮಾರುತ್ತೀರಿ ಅನ್ನಿ. ಎದುರಿನವನು ಕಳ್ಳ. ಅವನು ಬೇರೆ ಊರಿನ ಯಾರಿಗೋ 'ನಿಮಗೆ ಲಾಟರಿ ಬಂದಿದೆ, ಈ ಖಾತೆಗೆ ಶುಲ್ಕ ಹಾಕಿ' ಅಂತ ನಿಮ್ಮ ಯುಪಿಐ ಕೊಡುತ್ತಾನೆ. ಆ ಪಾಪದವರು ನಿಮಗೆ ದುಡ್ಡು ಹಾಕುತ್ತಾರೆ. ದುಡ್ಡು ಬಂತಲ್ಲ ಅಂತ ನೀವು ಕಳ್ಳನಿಗೆ ಬಿಟ್‌ಕಾಯಿನ್ ಬಿಡುತ್ತೀರಿ. ಮಾರನೇ ದಿನ ಮೋಸ ಹೋದವರು 1930ಕ್ಕೆ ಫೋನ್ ಮಾಡಿ ದೂರು ಕೊಡುತ್ತಾರೆ. ದುಡ್ಡು ಹೋದ ಜಾಡು ಹಿಡಿದರೆ ಸಿಗೋದು ಯಾರು? ನೀವು! ಬ್ಯಾಂಕಿನವರು ಖಾತೆಗೆ ತಡೆ ಹಾಕುತ್ತಾರೆ. ಅಂಗಡಿಯ ದಿನದ ವಹಿವಾಟೂ ಅದೇ ಖಾತೆಯಲ್ಲಿದ್ದರೆ ಹೋಲ್‌ಸೇಲ್‌ನವರಿಗೆ ಕೊಡೋಕೂ ದುಡ್ಡಿಲ್ಲ, ಹುಡುಗರ ಸಂಬಳಕ್ಕೂ ಇಲ್ಲ. ಕಾಣದ ಊರಿನ ಠಾಣೆಗೆ ಉತ್ತರ ಕೊಡುತ್ತಾ ಅಲೆಯಬೇಕು. ಬಿಟ್‌ಕಾಯಿನ್ ಮಾತ್ರ ವಾಪಸ್ ಬರೋಲ್ಲ.

ಇದಕ್ಕೆ ಮದ್ದು ಎರಡು. ದುಡ್ಡು ಹಾಕಿದವನ ಖಾತೆಯ ಹೆಸರು, ವ್ಯಾಪಾರ ಮಾಡಿದವನ ಹೆಸರು ಒಂದೇ ಇರಬೇಕು. 'ಭಾವನ ಖಾತೆಯಿಂದ ಹಾಕಿದೆ' ಅಂದರೆ ಬಿಟ್‌ಕಾಯಿನ್ ಬಿಡಕೂಡದು. ಮೂರನೆಯವರ ಖಾತೆಯ ದುಡ್ಡು ಬಿಸ್ಕ್ ನಿಯಮಕ್ಕೂ ವಿರುದ್ಧ. ಸ್ಕ್ರೀನ್‌ಶಾಟ್ ಚಿತ್ರ ನಂಬಬೇಡಿ, ಖಾತೆ ತೆರೆದು ನೋಡಿ. ಎರಡನೇದು, ಅಂಗಡಿಯ ಖಾತೆಯನ್ನು ಇದಕ್ಕೆ ಬಳಸಲೇಬೇಡಿ. ಇಲ್ಲೂ ಅದೇ ಮಾತು, ಗಲ್ಲಾ ಬೇರೆ, ತಿಜೋರಿ ಬೇರೆ.

ತೆರಿಗೆಯ ಮಾತೂ ಇದೆ. 2022ರ ಏಪ್ರಿಲ್ 1ರಿಂದ ಇಂಥ ನಾಣ್ಯದ ಲಾಭಕ್ಕೆ ಶೇಕಡಾ 30 ತೆರಿಗೆ, ಮೇಲೆ ಸೆಸ್ಸು. ಒಂದರಲ್ಲಿ ಆದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯೋ ಹಾಗಿಲ್ಲ. ಅದೇ ವರ್ಷ ಜುಲೈ 1ರಿಂದ ಶೇಕಡಾ 1 ಟಿಡಿಎಸ್. ಕಂಪನಿ ನಡುವೆ ಇದ್ದರೆ ಅವರು ಹಿಡಿದುಕೊಳ್ಳುತ್ತಾರೆ. ನೇರ ವ್ಯಾಪಾರದಲ್ಲಿ ಹಿಡಿದು ಕಟ್ಟೋ ಹೊಣೆ ಕೊಳ್ಳೋನದೇ. ಸಣ್ಣ ಮೊತ್ತಕ್ಕೆ ವಿನಾಯಿತಿ ಉಂಟು, ನಿಮ್ಮ ಆಡಿಟರನ್ನು ಕೇಳಿ. ತಂತ್ರಾಂಶದಲ್ಲಿ ಹೆಸರು ಕೇಳಲಿಲ್ಲ ಅಂದ ಮಾತ್ರಕ್ಕೆ ತೆರಿಗೆ ಇಲಾಖೆಯೂ ಕೇಳೋಲ್ಲ ಅಂದುಕೊಂಡರೆ ನಿಮ್ಮಷ್ಟು ಮುಗ್ಧರು ಬೇರೆ ಇಲ್ಲ. ಪ್ರತಿ ವ್ಯಾಪಾರದ ದಿನಾಂಕ, ಮೊತ್ತ, ದರ ಬರೆದಿಡಿ.

ಬೆಂಗಳೂರು ಬಸ್ಸಿನವರಿಗೆ ಒಂದು ಮಾತು

ದಿನಾ ಬಸ್ಸಿನಲ್ಲಿ ಕೂತು ಫೋನು ತಿಕ್ಕೋ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ಕೇಳಿ. ಟೆಲಿಗ್ರಾಂ, ವಾಟ್ಸಾಪ್ ಗುಂಪಿನಲ್ಲಿ 'ಸಹಾಯ ಕೇಂದ್ರ' ಅಂತ ಹೆಸರಿಟ್ಟುಕೊಂಡು ಬರುವವರು ಮೊದಲು ಕೇಳೋದೇ ಆ 12 ಪದ. ಪರಿಶೀಲನೆಗೆ ಬೇಕು, ಖಾತೆ ನವೀಕರಿಸಬೇಕು ಅಂತ ಏನೇನೋ ಹೇಳುತ್ತಾರೆ. ಯಾವ ನಿಜವಾದ ತಂತ್ರಾಂಶದವರಿಗೂ ನಿಮ್ಮ ಪದ ಬೇಕಾಗಿಲ್ಲ. ಕೇಳಿದವನು ಕಳ್ಳ, ಅಷ್ಟೇ. ಪದಗಳ ಫೋಟೋ ತೆಗೆದು ಫೋನಿನಲ್ಲೇ ಇಡೋದು, ನಮಗೆ ನಾವೇ ವಾಟ್ಸಾಪ್ ಮಾಡಿಕೊಳ್ಳೋದು, ಮನೆ ಕೀಲಿಯನ್ನು ಹೊಸ್ತಿಲ ಮೇಲೆ ಬಿಟ್ಟ ಹಾಗೆ. ಕಾಗದದ ಮೇಲೆ, ಇಂಗ್ಲಿಷ್ ಅಕ್ಷರದಲ್ಲಿ ಕಾಗುಣಿತ ತಪ್ಪದೆ, ಸಾಲು ಸಂಖ್ಯೆ ಹಾಕಿ ಬರೆಯಿರಿ. ಎರಡು ಪ್ರತಿ ಮಾಡಿ, ಎರಡು ಕಡೆ ಇಡಿ. ತಂತ್ರಾಂಶವನ್ನೂ ಯಾರೋ ಕಳಿಸಿದ ಕೊಂಡಿಯಿಂದ ಇಳಿಸಿಕೊಳ್ಳಬೇಡಿ. ಅದೇ ಹೆಸರಿನ ನಕಲಿ ವ್ಯಾಲೆಟ್‌ಗಳು ಬೇಕಾದಷ್ಟಿವೆ.

ಕೊನೆಗೆ ಎಲ್ಲರೂ ಮರೆಯೋ ಒಂದು ವಿಚಾರ. ಯಜಮಾನರು ತೀರಿಕೊಂಡರೆ ಬ್ಯಾಂಕಿನ ಹಣಕ್ಕೆ ನಾಮಿನಿ ಇರುತ್ತಾರೆ, ವಂಶವೃಕ್ಷ ಹಿಡಿದು ತಾಲ್ಲೂಕು ಕಚೇರಿ ಅಲೆದಾದರೂ ಹೆಂಡತಿ ಮಕ್ಕಳು ಪಡೆಯಬಹುದು. ನಿಮ್ಮದೇ ಕೀಲಿಯ ಬಿಟ್‌ಕಾಯಿನ್‌ಗೆ ನಾಮಿನಿ ಇಲ್ಲ. ತಹಶೀಲ್ದಾರರ ಸೀಲಿಗೆ ಅದು ಬಗ್ಗೋಲ್ಲ, ಕೋರ್ಟಿನ ಡಿಕ್ರಿಗೂ ತೆರೆಯೋಲ್ಲ. ಪದಗಳ ಚೀಟಿ ಎಲ್ಲಿದೆ ಅಂತ ಮನೆಯಲ್ಲಿ ನಂಬಿಕಸ್ಥರೊಬ್ಬರಿಗಾದರೂ ಗೊತ್ತಿರಬೇಕು. ಹೇಳಿದರೆ ಕದ್ದಾರು ಅನ್ನೋ ಭಯ, ಹೇಳದಿದ್ದರೆ ಮಣ್ಣುಪಾಲು. ಯಾರಿಗೆ ಹೇಳಬೇಕು ಅಂತ ತೀರ್ಮಾನಿಸೋಕೆ ಆಗದಿದ್ದರೆ, ಸ್ವಾಮಿ, ನಿಮಗೆ ಆ ಕೀಲಿಯ ಭಾರ ಬೇಡ. ಕೀಲಿ ಇಟ್ಟುಕೊಳ್ಳೋ ಯೋಗ್ಯತೆ ಬರೋವರೆಗೆ ತಿಜೋರಿ ಕೊಳ್ಳಬೇಡಿ.